ಯಾರ ಮನೆ ನೀರೂ ಮುಟ್ಟದ ಅಭ್ಯರ್ಥಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಗೇಣುದ್ದದ ಒಂದು ಸೀಸೆ ನೀರು. ಅದನ್ನು ಏಳನೇ ವಾರ್ಡಿನ ಟ್ಯಾಂಕಿನಿಂದ ತುಂಬಿಸಿ ಪರೀಕ್ಷೆಗೆ ಕೊಟ್ಟು ಬಂದವರು ಸ್ವತಃ ಡಾಕ್ಟರೇ. ಚುನಾವಣೆ ಹತ್ತಿರ ಬಂದರೆ ಬೇರೆಯವರು ಜನರ ನಾಡಿ ಹಿಡಿದು ನೋಡುತ್ತಾರೆ. ಇವರು ನೀರಿನ ನಾಡಿ ಹಿಡಿಯಲು ಹೋದರು.

ಡಾಕ್ಟರು ಎಂದರೆ ಸೂಜಿ ಚುಚ್ಚುವ ಡಾಕ್ಟರಲ್ಲ. ಸಾರ್ವಜನಿಕ ಆರೋಗ್ಯ ಇಲಾಖೆಯ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಕೂತ ವಿಜ್ಞಾನಿ. ‘ನೀರು ಕುದಿಸಿ ಕುಡಿಯಿರಿ’ ಎಂದು ಊರೆಲ್ಲ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದರು. ಯಾರೂ ಕುದಿಸಲಿಲ್ಲ. ಕೈಯಲ್ಲಿ ಅಧಿಕಾರ ಇದ್ದರಾದರೂ ಜನ ಮಾತು ಕೇಳಿಯಾರು ಅನ್ನಿಸಿ, ನಿವೃತ್ತಿಯಾದ ಮೇಲೆ ನಗರಸಭೆಗೆ ನಿಂತಿದ್ದರು. ಮತದಾನದ ಹಿಂದಿನ ದಿನ ಬೆಳಗ್ಗೆ ಏಳಕ್ಕೆ ಪ್ರಯೋಗಾಲಯದ ಹಳೆಯ ಸಹಾಯಕಿ ಫೋನು ಮಾಡಿದಳು.

“ಸಾರ್, ನಿಮ್ಮ ಸೀಸೆ ಚೆನ್ನಾಗಿಲ್ಲ. ಟ್ಯಾಂಕಿಗೆ ಚರಂಡಿ ನೀರು ಸೇರಿದೆ.”

“ಈಗಲೇ ವರದಿ ಕಳಿಸಮ್ಮ!”

“ವರದಿಗೆ ಸಾಹೇಬ್ರ ಸಹಿ ಬೇಕಲ್ಲ ಸಾರ್. ಅವರು ಚುನಾವಣಾ ಡ್ಯೂಟಿಗೆ ಹೋಗಿದ್ದಾರೆ. ಬರೋದು ನಾಡಿದ್ದು.”

ಡಾಕ್ಟರು ಗಡಿಯಾರ ನೋಡಿದರು. ಏಳನೇ ವಾರ್ಡಿಗೆ ದಿನ ಬಿಟ್ಟು ದಿನ ನೀರು. ಈ ದಿನ ಹನ್ನೊಂದಕ್ಕೆ ಸರಿಯಾಗಿ ಬಿಡುತ್ತಾರೆ. ನಾನೂರು ಮನೆಯವರು ಬಿಂದಿಗೆ ತುಂಬಿಸುತ್ತಾರೆ, ಮಕ್ಕಳು ಮೊದಲು ಕುಡಿಯುತ್ತಾರೆ. ಇಂಥದೇ ಒಂದು ಸೀಸೆಯನ್ನು ಹಿಂದೊಮ್ಮೆ ನೋಡಿದ್ದರು. ಅವತ್ತೂ ವರದಿ ಸಹಿಗೆ ಕಾಯುತ್ತಿತ್ತು. ಮೂರನೇ ದಿನ ತಂದೆತಾಯಂದಿರು ಮಕ್ಕಳನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದರು. ಒಬ್ಬ ತಾಯಿ ಬರಿಗೈಯಲ್ಲಿ ವಾಪಸು ಹೋದದ್ದನ್ನು ಡಾಕ್ಟರು ಇನ್ನೂ ಮರೆತಿಲ್ಲ.

ಕುದಿಸಿ ಆರಿಸಿದ ನೀರಿನ ಫ್ಲಾಸ್ಕನ್ನು ಹೆಗಲಿಗೆ ಹಾಕಿಕೊಂಡು ಹೊರಟರು. ಜೊತೆಗೆ ಪ್ರಚಾರದ ಉಸ್ತುವಾರಿ ಹೊತ್ತ ಭಾಮೈದ. ವಿಮೆ ಮಾರಿ ಮಾರಿ ನಾಲಿಗೆ ನುಣ್ಣಗೆ ಮಾಡಿಕೊಂಡಿದ್ದ ಮನುಷ್ಯ.

“ಭಾವ, ಇವತ್ತು ಒಂದೇ ಒಂದು ಉಪಕಾರ ಮಾಡಿ. ಯಾರು ಏನು ಕೊಟ್ರೂ ಕುಡೀರಿ. ವಾರದಿಂದ ಯಾರ ಮನೆ ನೀರೂ ಮುಟ್ಟಿಲ್ಲ ನೀವು. ಡಾಕ್ಟ್ರಿಗೆ ನಾವು ಹೊಲಸು ಅಂತ ಬೀದಿ ತುಂಬಾ ಮಾತಾಗಿದೆ.”

“ಹೊಲಸು ಜನ ಅಲ್ಲಯ್ಯ, ನೀರು!”

“ಅದನ್ನ ಬಿಡಿಸಿ ಹೇಳೋ ಹೊತ್ತಿಗೆ ಓಟು ಮುಗಿದಿರುತ್ತೆ.”

ಮೊದಲ ಮನೆಯಲ್ಲೇ ಲೋಟ ಬಂತು. ಡಾಕ್ಟರು ಕೈ ಮುಗಿದು, “ಬೇಡಮ್ಮ. ನೀವೂ ಕುಡೀಬೇಡಿ. ಟ್ಯಾಂಕು ಕೆಟ್ಟಿದೆ,” ಎಂದರು. ಆಕೆಯ ಮುಖ ಹುಳ್ಳಗಾಯಿತು. ಎರಡನೇ ಮನೆಯ ಯಜಮಾನ, “ಇಪ್ಪತ್ತು ವರ್ಷದಿಂದ ಕುಡೀತಿದೀವಿ, ಏನಾಗಿದೆ ನಮಗೆ?” ಎಂದು ಹೊಟ್ಟೆ ತಟ್ಟಿ ತೋರಿಸಿದ. ಮೂರನೇ ಮನೆಯಲ್ಲಿ ಪುಟ್ಟ ಮಗುವೊಂದು ಬಿಂದಿಗೆಗೆ ಲೋಟ ಅದ್ದುತ್ತಿತ್ತು. ಡಾಕ್ಟರು ಹದ್ದಿನಂತೆ ಎರಗಿ ಲೋಟ ಕಸಿದರು. ಮಗು ಕಿಟಾರನೆ ಕಿರುಚಿತು. ಅದನ್ನು ಸಮಾಧಾನ ಮಾಡಲು ತಮ್ಮ ಫ್ಲಾಸ್ಕನ್ನೇ ಅಜ್ಜಿಯ ಕೈಗಿಟ್ಟು ಬಂದರು.

“ಮಗು ಕೈಯಿಂದ ನೀರು ಕಿತ್ಕೊಂಡ್ರಂತೆ!” ಎಂಬ ಸುದ್ದಿ ಅವರಿಗಿಂತ ಮೊದಲೇ ನಾಲ್ಕನೇ ಮನೆ ಸೇರಿತ್ತು. ಸೇರಿಸಿದವಳು ರೇಡಿಯೋ ಅತ್ತೆ. ಡಾಕ್ಟರ ಎದುರುಮನೆಯ ಮಹಡಿಯವಳು, ಯಾರಿಗೆ ಅತ್ತೆಯೋ ಯಾರಿಗೂ ಗೊತ್ತಿಲ್ಲ. ಕೈಯಲ್ಲಿ ಫೋನು, ಫೋನಿನಲ್ಲಿ ವಾರ್ಡಿನ ಅಷ್ಟೂ ನಂಬರು. ಆಕೆಗೆ ಸೀನು ಬಂದರೂ ಮೊದಲು ಚಿತ್ರ ತೆಗೆದು ಹಂಚಿ ಆಮೇಲೆ ಮೂಗು ಒರೆಸಿಕೊಳ್ಳುತ್ತಾಳೆ.

ಹತ್ತೂವರೆಗೆ ದೊಡ್ಡಣ್ಣ ಬಂದ. ಮೂರು ಸಲ ಗೆದ್ದ ಹಾಲಿ ಸದಸ್ಯ, ಈ ಸಲ ಡಾಕ್ಟರ ಎದುರಾಳಿ. ಅವನು ನಕ್ಕರೆ ಎದುರಿಗಿದ್ದವರಿಗೂ ನಗು ಬರುತ್ತಿತ್ತು. ಡಾಕ್ಟರಿಗೂ ಬರುತ್ತಿತ್ತು, ಅದೇ ಕಷ್ಟ. ಅವನು ಬೀದಿಯ ನಡುವೆ ನಿಂತು, “ಏನ್ ಡಾಕ್ಟ್ರೇ, ನಮ್ಮ ನೀರು ವಿಷ ಅಂತೀರಂತೆ?” ಎಂದ.

“ವಿಷ ಅನ್ನಲಿಲ್ಲ. ರೋಗಾಣು ಇದೆ. ಪರೀಕ್ಷೆ ಆಗಿದೆ.”

“ವರದಿ ತೋರಿಸಿ.”

“ವರದಿ... ನಾಡಿದ್ದು ಬರುತ್ತೆ.”

ಬೀದಿಗೆ ಬೀದಿಯೇ ಗೊಳ್ಳೆಂದಿತು. ದೊಡ್ಡಣ್ಣ ಕೈ ಚಾಚಿದ. ಹಿಂಬಾಲಕನೊಬ್ಬ ತಾಮ್ರದ ಹೂಜಿಯೊಂದನ್ನು ತಂದು ಕೊಟ್ಟ. “ನನ್ನ ಜನ ಕುಡಿಯೋ ನೀರು ನನಗೆ ಅಮೃತ!” ಎಂದವನೇ ಹೂಜಿ ಎತ್ತಿ ಗಟಗಟನೆ ಕುಡಿದು ಬರಿದು ಮಾಡಿ, ಮೀಸೆ ಒರೆಸಿಕೊಂಡ. ಚಪ್ಪಾಳೆ ಮುಗಿಲು ಮುಟ್ಟಿತು. ರೇಡಿಯೋ ಅತ್ತೆ ಚಿತ್ರ ತೆಗೆದಳು.

ಡಾಕ್ಟರು ಮಾತ್ರ ಆ ಗಂಟಲನ್ನೇ ನೋಡುತ್ತಿದ್ದರು. ಓಟಿನ ಯೋಚನೆ ಹಾರಿಹೋಗಿ, “ಅಯ್ಯೋ, ಒಳ್ಳೇ ಮನುಷ್ಯ, ಹೊಟ್ಟೆ ಏನಾಗುತ್ತೋ,” ಎಂದು ನಿಜವಾಗಿ ಮರುಗಿದರು. ಅಷ್ಟರಲ್ಲಿ ಗಡಿಯಾರ ಕಣ್ಣಿಗೆ ಬಿತ್ತು. ಹನ್ನೊಂದಕ್ಕೆ ಹತ್ತು ನಿಮಿಷ.

ಅರವತ್ತೊಂದರ ಪ್ರಾಯದಲ್ಲಿ ಪಂಚೆ ಎತ್ತಿ ಕಟ್ಟಿ ಓಡುವುದೆಂದರೆ ಹುಡುಗಾಟವಲ್ಲ. ಬೀದಿಯ ಕೊನೆಯಲ್ಲಿ ವಾಲ್ವ್‌ಮ್ಯಾನ್ ಗುಂಡಿಯ ಮುಚ್ಚಳ ತೆಗೆದು, ಉದ್ದನೆಯ ಕಬ್ಬಿಣದ ಕೀಲಿ ಇಳಿಬಿಟ್ಟು, ಬೀಡಿ ಮುಗಿಯಲಿ ಎಂದು ಕಾಯುತ್ತಿದ್ದ.

“ಬಿಡಬೇಡಪ್ಪಾ!”

“ಯಾರ ಆರ್ಡರು?”

“ನಂದು. ನಾನು ಅಭ್ಯರ್ಥಿ.”

ವಾಲ್ವ್‌ಮ್ಯಾನ್ ಅವರನ್ನು ಮೇಲಿಂದ ಕೆಳಗೆ ನೋಡಿದ. “ನೀರು ಬಿಡು ಅಂತ ಕಾಲಿಗೆ ಬೀಳೋ ಅಭ್ಯರ್ಥಿಗಳನ್ನ ನೋಡಿದೀನಿ ಸಾರ್. ನಿಲ್ಲಿಸು ಅನ್ನೋರನ್ನ ಇದೇ ಮೊದಲು ನೋಡ್ತಿರೋದು. ಬರೆದುಕೊಡಿ. ನಾಳೆ ಕೇಳಿದ್ರೆ ತೋರಿಸೋಕೆ ಕಾಗದ ಬೇಕು.”

ಏದುಸಿರು ಬಿಡುತ್ತ ಬಂದ ಭಾಮೈದ ಅವರ ಕೈ ಹಿಡಿದುಕೊಂಡ. “ಭಾವ, ನಿಮ್ಮ ದಮ್ಮಯ್ಯ. ಈ ಬೀದಿ ಹೋದ್ರೆ ಎಲ್ಲ ಹೋದ ಹಾಗೆ. ನಾಳೆ ಓಟು ಮುಗೀಲಿ, ಆಮೇಲೆ ವಾಲ್ವಿಗೆ ಬೀಗ ಬೇಕಾದ್ರೂ ಹಾಕಿಸಿ. ಒಂದೇ ದಿನ!”

ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ಮೂವತ್ತು ವರ್ಷ ಯಾರೂ ಕೇಳದ ಮಾತನ್ನು ಗೆದ್ದರೆ ಎಲ್ಲರೂ ಕೇಳುತ್ತಾರೆ. ಗೆಲ್ಲಬೇಕಾದರೆ ಈ ಒಂದು ದಿನ ಬಾಯಿ ಮುಚ್ಚಿಕೊಂಡಿರಬೇಕು. ಆದರೆ ಆ ತಾಯಿಯ ಬರಿಗೈ ಡಾಕ್ಟರ ಕಣ್ಣ ಮುಂದಿನಿಂದ ಸರಿಯಲಿಲ್ಲ. ಜೇಬು ತಡಕಿದರು. ಸಿಕ್ಕಿದ್ದು ತಮ್ಮದೇ ಕರಪತ್ರ. ಅದರ ಬೆನ್ನಿಗೆ ‘ಏಳನೇ ವಾರ್ಡಿಗೆ ನೀರು ಬಿಡಬಾರದು’ ಎಂದು ಬರೆದು ರುಜು ಹಾಕಿದರು.

ವಾಲ್ವ್‌ಮ್ಯಾನ್ ಕೀಲಿ ಎತ್ತಿಕೊಂಡು, ತನ್ನ ಮೇಲೆ ಅಪವಾದ ಬರದಿರಲೆಂದು ಕಾಗದವನ್ನು ಪಕ್ಕದ ಕಂಬಕ್ಕೆ ಕಟ್ಟಿ ಹೋದ. ಗಾಳಿಗೆ ಅದು ತಿರುಗುತ್ತಿತ್ತು. ಒಂದು ಕಡೆ ‘ನೀರು ಬಿಡಬಾರದು’. ಇನ್ನೊಂದು ಕಡೆ ಡಾಕ್ಟರ ನಗುಮುಖ, ಕೆಳಗೆ ‘ಮನೆ ಮನೆಗೂ ನೀರು, ಇದು ನನ್ನ ಮಾತು’. ರೇಡಿಯೋ ಅತ್ತೆ ಎರಡೂ ಕಡೆಯದನ್ನು ತೆಗೆದಳು.

ಹನ್ನೆರಡಕ್ಕೆ ಖಾಲಿ ಬಿಂದಿಗೆಗಳು ಬೀದಿಗೆ ಬಂದವು. ಒಂದಕ್ಕೆ ಬೈಗುಳ ಶುರುವಾಯಿತು. ಎರಡಕ್ಕೆ, ಎಲ್ಲಿ ಯಾರನ್ನು ಕಂಡು ಏರ್ಪಾಟು ಮಾಡಿದನೋ, ದೊಡ್ಡಣ್ಣನ ನಾಲ್ಕು ಟ್ಯಾಂಕರು ಪಕ್ಕದ ವಾರ್ಡಿನಿಂದ ಸದ್ದು ಮಾಡುತ್ತ ಬಂದವು. ಡಾಕ್ಟರು ನಾಚಿಕೆ ಬಿಟ್ಟು ಜನರ ನಡುವೆ ನುಸುಳಿ, ಟ್ಯಾಂಕರಿನ ನೀರಿಗೆ ಕ್ಲೋರಿನ್ ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ನೋಡಿದರು. ಕ್ಲೋರಿನ್ ಸರಿಯಾಗಿತ್ತು, ಕುಡಿಯಬಹುದಾದ ನೀರು. ಖುಷಿಯಿಂದ ಕಣ್ಣು ತುಂಬಿತು.

“ನೋಡ್ರೋ, ಸೋತೆ ಅಂತ ಅಳ್ತಾ ಇದಾರೆ!” ಎಂದು ಯಾರೋ ಕೂಗಿದರು. ಅವರನ್ನು ಸಾಲಿನಿಂದ ಆಚೆ ದಬ್ಬಿದರು. ಬಾಯಾರಿ ನಾಲಿಗೆ ಅಂಗುಳಿಗೆ ಅಂಟಿತ್ತು, ಆದರೆ ಅವರಿಗೆ ಲೋಟ ಕೊಡುವವರು ಈಗ ಯಾರೂ ಇರಲಿಲ್ಲ.

ಐದಕ್ಕೆ ಮನೆ ಮನೆ ಸುತ್ತುವುದು ಮುಗಿಯಿತು. ಕಾಲೆಳೆದುಕೊಂಡು ಮನೆ ಸೇರಿ, ಜಗಲಿಯಲ್ಲಿ ಕುಸಿದು, “ಒಂದು ಲೋಟ ನೀರು ಕೊಡೇ,” ಎಂದರು.

ಹೆಂಡತಿ ಖಾಲಿ ಕೊಡವನ್ನು ತಂದು ಅವರ ಮುಂದೆ ಬೋರಲು ಹಾಕಿದಳು. “ನಮ್ಮ ನಲ್ಲಿಯೂ ಅದೇ ವಾಲ್ವಿಂದು. ಟ್ಯಾಂಕರ್ ಹತ್ರ ಹೋದ್ರೆ, ನಿಮ್ಮ ಯಜಮಾನ್ರನ್ನೇ ಕೇಳಿ ಅಂದ್ರು.”

ಮಾಡಿದ್ದುಣ್ಣೋ ಮಹರಾಯ ಎಂದು ಡಾಕ್ಟರು ಗೋಡೆಗೊರಗಿದರು. ಆಗ ಗೇಟು ಕಿರುಗುಟ್ಟಿತು. ದೊಡ್ಡಣ್ಣ ಒಬ್ಬನೇ ಬಂದಿದ್ದ. ಬಗಲಲ್ಲಿ ದೊಡ್ಡದೊಂದು ಫ್ಲಾಸ್ಕು.

ಡಾಕ್ಟರು ಗಾಬರಿಯಿಂದ ಎದ್ದರು. “ಹೊಟ್ಟೆ ಹೇಗಿದೆ? ಭೇದಿ ಶುರುವಾಯ್ತಾ?”

“ಕೂತ್ಕೊಳಿ ಸಾರ್.” ದೊಡ್ಡಣ್ಣ ಜಗಲಿಯ ಮೇಲೆ ಅವರ ಪಕ್ಕದಲ್ಲೇ ಕೂತ. “ಹನ್ನೆರಡು ವರ್ಷದ ಹಿಂದೆ ಸಮುದಾಯ ಭವನದಲ್ಲಿ ನೀವು ನೀರಿನ ಬಗ್ಗೆ ಭಾಷಣ ಮಾಡಿದ್ರಿ. ನೆನಪಿದೆಯಾ? ಏಳು ಜನ ಇದ್ವಿ. ಆರು ಜನ ಫ್ಯಾನಿನ ಗಾಳಿಗೆ ಬಂದಿದ್ರು. ಏಳನೆಯವನು ನಾನು. ಅವತ್ತಿಂದ ನಮ್ಮ ಮನೇಲಿ ಕುದಿಸದ ನೀರು ಯಾರೂ ಮುಟ್ಟಿಲ್ಲ.”

“ಮತ್ತೆ ಬೆಳಗ್ಗೆ ಆ ಹೂಜಿ?”

“ಮನೆಯಿಂದ ತಂದಿದ್ದು. ಕುದಿಸಿ, ಆರಿಸಿ, ಸೋಸಿದ್ದು.”

ಡಾಕ್ಟರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಬೇರೆ. ಮೂವತ್ತು ವರ್ಷಕ್ಕೆ ಒಬ್ಬನಾದರೂ ಕೇಳಿದ್ದಾನೆ! “ಅದನ್ನೇ ಜನಕ್ಕೆ ಯಾಕಪ್ಪಾ ಹೇಳಲಿಲ್ಲ?”

“ಹೇಳಿದವರ ಗತಿ ಕಣ್ಣಾರೆ ನೋಡ್ತಾ ಇದೀನಲ್ಲ ಸಾರ್. ನೀವು ಇವತ್ತು ಎಷ್ಟು ಮಕ್ಕಳನ್ನ ಉಳಿಸಿದ್ರೋ ಏನೋ. ಆದರೆ ನಾಳೆ ಯಾರಿಗೂ ಏನೂ ಆಗಿರಲ್ಲ. ಏನೂ ಆಗಿಲ್ಲ ಅನ್ನೋದಕ್ಕೆ ಯಾರು ಸಾರ್ ಓಟು ಹಾಕ್ತಾರೆ?” ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಲೋಟಕ್ಕೆ ಬಗ್ಗಿಸಿದ. “ತಗೊಳ್ಳಿ. ನೀವು ಹೇಳಿಕೊಟ್ಟ ನೀರೇ.”

ಡಾಕ್ಟರು ಎರಡೂ ಕೈಯಲ್ಲಿ ಲೋಟ ಹಿಡಿದು ಕಣ್ಣು ಮುಚ್ಚಿ ಕುಡಿದರು. ಬೆಳಗಿನಿಂದ ಒಣಗಿದ್ದ ಜೀವ ತಣ್ಣಗಾಯಿತು. ಅರ್ಧ ಲೋಟ ಮುಗಿಯುವಷ್ಟರಲ್ಲಿ ಎದುರುಮನೆಯ ಮಹಡಿಯಲ್ಲಿ ಫಳಕ್ಕೆಂದು ಬೆಳಕು ಮಿಂಚಿತು.

“ಬಂತೇನತ್ತೆ?” ದೊಡ್ಡಣ್ಣ ತಲೆ ಎತ್ತಿ ಕೇಳಿದ.

“ಬಂತಪ್ಪಾ. ಮುಖ ಚೆನ್ನಾಗಿ ಬಂದಿದೆ!”

ದೊಡ್ಡಣ್ಣ ತಲೆ ಕೆರೆದುಕೊಂಡ. “ತಪ್ಪು ತಿಳ್ಕೋಬೇಡಿ ಸಾರ್. ಹೇಳಿದ್ದೆಲ್ಲ ನಿಜ. ಆದರೆ ನಾಳೆ ಚುನಾವಣೆ ನೋಡಿ.”

ಒಳಗಿನಿಂದ ಭಾಮೈದ ಫೋನು ಹಿಡಿದು ಓಡಿಬಂದು ಓದಿದ. “‘ನಮ್ಮ ಯಾರ ಮನೆ ನೀರೂ ಮುಟ್ಟದ ಡಾಕ್ಟ್ರು, ದೊಡ್ಡಣ್ಣನ ಮನೆ ನೀರು ಕುಡಿದರು!’ ಭಾವ, ವಾರ್ಡಿಗೆಲ್ಲ ಹೋಗಿಬಿಟ್ಟಿದೆ. ಆ ಲೋಟ ಕೆಳಗಿಡಿ ಮೊದಲು!”

ಡಾಕ್ಟರು ಲೋಟವನ್ನು ನೋಡಿದರು, ದೊಡ್ಡಣ್ಣನನ್ನು ನೋಡಿದರು. ಉಳಿದರ್ಧವನ್ನೂ ನಿಧಾನವಾಗಿ ಕುಡಿದು ಮುಗಿಸಿ, ಖಾಲಿ ಲೋಟ ಮುಂದೆ ಚಾಚಿದರು.

“ಇನ್ನೊಂದು ಲೋಟ ಹಾಕಪ್ಪಾ. ನಮ್ಮವಳೂ ಬೆಳಗಿನಿಂದ ಕುಡಿದಿಲ್ಲ.”