ನಂಜುಂಡಪ್ಪನ ಗೋಡೆಗೆ ಬಿದ್ದ ಹಳದಿ ಗುರುತು

ಶಿವಲಿಂಗಯ್ಯನ ಹೊಟ್ಟೆಗೆ ಕರಟದ ಕೆಂಡ ಬಿದ್ದದ್ದು ಬೆಳಿಗ್ಗೆ ಏಳು ಗಂಟೆಗೆ. ಪಕ್ಕದ ಮನೆ ನಂಜುಂಡಪ್ಪನ ಕಕ್ಕಸಿನ ಗೋಡೆಯ ಮೇಲೆ ಪಂಚಾಯ್ತಿಯವರು ಹಳದಿ ಬಣ್ಣದ ದೊಡ್ಡ ಗುರುತು ಹಾಕಿದ್ದರು. ತನ್ನ ಗೋಡೆ ಮಾತ್ರ ಬೋಳು.

“ಏನ್ಲಾ ಅದು?”

“ಊರಿಗೆಲ್ಲ ನಮ್ದೊಂದೇ ಆರ್ಸವ್ರೆ ಕಣಣ್ಣ. ತುಮಕೂರಿಂದ ಸಾಹೇಬ್ರು ನೋಡಕ್ ಬತ್ತಾರಂತೆ,” ಎಂದು ನಂಜುಂಡಪ್ಪ ಮುಖ ಸೊಟ್ಟಗೆ ಮಾಡಿದ.

ಆ ಸೊಟ್ಟ ಮುಖದಲ್ಲಿ ಶಿವಲಿಂಗಯ್ಯನಿಗೆ ಕಂಡದ್ದು ಬರೀ ಜಂಬ. ಮನೆಮನೆ ನಲ್ಲಿ ಬಂದಾಗಲೂ ಮೊದಲು ನೀರು ಬಿದ್ದದ್ದು ಇವನ ಬಿಂದಿಗೆಗೇ. ಈಗ ಇದು ಬೇರೆ. ಕಾಫಿ ಕುಡಿಯದೆ ಪಂಚಾಯ್ತಿಗೆ ಓಡಿದ.

“ನಂದ್ಯಾಕ್ ಬ್ಯಾಡ ಮೇಡಮ್? ನೀಲಿ ಟೈಲ್ಸ್ ಹಾಕ್ಸಿವ್ನಿ. ಅವ್ನ ಬಾಗ್ಲಿಗೆ ಚಿಲ್ಕಾನೂ ಇಲ್ಲ, ಒಳಗಿರೋರು ಹಾಡ್ ಹೇಳ್ಕಂಡು ಕೂರ್ಬೇಕು.”

ಪಿಡಿಓ ಜೀವಿತಾಳ ಮುಖ ಅರಳಿತು. “ನಿಮ್ದೂ ಒಂದೇ ಗುಂಡೀನಾ?”

“ಒಂದೇ, ಆದ್ರೆ ಹತ್ತಡಿ ಆಳ.”

“ಹಾಗಾದ್ರೆ ಅವ್ರದ್ದರ ಬದ್ಲು ನಿಮ್ದೇ ಆಗ್ಲಿ. ಒಪ್ಪಿಗೆ ಪತ್ರ ಓದಿ ಸೈನ್ ಮಾಡಿ.”

ಓದುತ್ತ ಕೂತರೆ ನಂಜುಂಡಪ್ಪ ಬಂದುಬಿಟ್ಟಾನೆಂದು ಶಿವಲಿಂಗಯ್ಯ ಸರ್ರನೆ ಸಹಿ ಗೀಚಿದ.

ಮನೆಗೆ ಬಂದವನೇ ಗೋಡೆಗೆ ಸುಣ್ಣ ಬಳಿದ, ಬಾಗಿಲಿಗೆ ಹಸಿರು ಬಣ್ಣ ಹಚ್ಚಿ ಚೆಂಡುಹೂ ಕಟ್ಟಿದ. ಅವಸರದಲ್ಲಿ ಒಳಗೆ ಹೊರಟ ಹೆಂಡತಿ ಹಾಲಮ್ಮನ ಸೀರೆಗೆ ಅರ್ಧ ಬಾಗಿಲಿನ ಬಣ್ಣ ಅಂಟಿತು.

“ಸಾಹೇಬ್ರು ನೋಡೋಗಂಟ ತಡ್ಕಳೇ.”

“ಮಗ್ಳ ಮದ್ವೇಲೂ ಮನೆಗಿಂಗೆ ಬಣ್ಣ ಬಳೀನಿಲ್ಲ ನೀವು,” ಎಂದಳು ಅವಳು, ಕಾಲು ಬದಲಿಸುತ್ತ.

ಮಧ್ಯಾಹ್ನ ಜೀಪು ಬಂತು. ಹಿಂದೆಯೇ ಟ್ರ್ಯಾಕ್ಟರಿನಲ್ಲಿ ಹದಿನೈದು ಜನ ಗಾರೆಯವರು. ಸಾಹೇಬರು ಕೈಕುಲುಕಿ, ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆಸಿದರು. ಶಿವಲಿಂಗಯ್ಯ ಕ್ಯಾಮೆರಾ ಬಿಟ್ಟು ಕಾಂಪೌಂಡಿನತ್ತ ನೋಡಿದ. ನಂಜುಂಡಪ್ಪ ಕಲ್ಲು ಹತ್ತಿ ಇಣುಕುತ್ತಿದ್ದ. ಶಿವಲಿಂಗಯ್ಯನ ಎದೆ ತಣ್ಣಗಾಯಿತು.

ಸಾಹೇಬರು ಗಾರೆಯವರ ಕಡೆ ತಿರುಗಿದರು. “ಇನ್ಮೇಲೆ ಎಲ್ಲ ಮನೆಗೂ ಎರಡು ಗುಂಡಿ ಇರಬೇಕು. ಹಳೇದನ್ನ ಹೇಗೆ ಬದಲಾಯಿಸೋದು ಅಂತ ಇಲ್ಲೇ ಕಲೀರಿ. ಮೊದಲು ನೆಲ ಒಡೀರಿ.”

ಶಿವಲಿಂಗಯ್ಯ ಬಾಯಿ ತೆರೆಯುವಷ್ಟರಲ್ಲಿ ನೀಲಿ ಟೈಲ್ಸು ಹಪ್ಪಳದಂತೆ ಪುಡಿಯಾಯಿತು.

“ಸ್ವಾಮಿ, ಸಂಜೆಗ್ ಸರಿಯಾಯ್ತದಾ?”

“ಇವರು ಒಡೆಯೋದು ಕಲಿಯೋರು. ಕಟ್ಟೋದು ಕಲಿಯೋರು ಮುಂದಿನ ತಿಂಗಳು ಬರ್ತಾರೆ. ಪತ್ರದಲ್ಲೇ ಇದೆಯಲ್ಲ.”

ಜೀಪು ಹೋದ ಮೇಲೆ ಹಾಲಮ್ಮ ಗಂಡನ ಮುಖವನ್ನೂ ನೋಡದೆ ಬಕೆಟ್ ಹಿಡಿದು ಪಕ್ಕದ ಮನೆಗೆ ನಡೆದಳು. ನಂಜುಂಡಪ್ಪ ಕಾಂಪೌಂಡಿನಾಚೆಯಿಂದ ಕೈಮುಗಿದ.

“ನಮ್ದು ಬ್ಯಾಡ ಅಂತ ವಾರದಿಂದ ಮೇಡಮ್ಮೋರ ಕಾಲಿಗ್ ಬಿದ್ದಿದ್ದೆ. ದೇವ್ರು ಬಂದಂಗ್ ಬಂದೆ ಕಣಣ್ಣ. ತಿಂಗ್ಳಲ್ಲ, ವರ್ಷ ಆಗ್ಲಿ, ನಮ್ಮನೇಗೇ ಬಾ. ಬೆಳಿಗ್ಗೆ ಮಾತ್ರ ನಾವು ಏಳು ಜನ ಆದ್ಮೇಲೆ.”