ಅತ್ತೆಯ ಪಾಲು

ನಮ್ಮ ಸೋದರತ್ತೆಯ ಎದುರು ಸರಕಾರವೇ ಎದ್ದು ನಿಂತಿತ್ತು ಎಂದರೆ ನೀವು ನಗುತ್ತೀರಿ. ನಗಿ! ನಾನು ಕಣ್ಣಾರೆ ಕಂಡಿದ್ದೇನೆ. ಸರಕಾರ ಎಂದರೆ ಹುಮನಾಬಾದಿನ ಕಚೇರಿಯ ಒಬ್ಬ ಬಡಪಾಯಿ ಗುಮಾಸ್ತ, ಅಷ್ಟೇ.

ಅತ್ತೆ, ಮಾವ ಇಬ್ಬರೂ ಬಸವಕಲ್ಯಾಣದ ಒಂದೇ ಸರಕಾರಿ ಶಾಲೆಯಲ್ಲಿ ಕಲಿಸುತ್ತಿದ್ದರು. ಮಾವನಿಗೆ ಇದು ಎರಡನೆಯ ಮದುವೆ. ವಿಚ್ಛೇದನವಾದ ಮೊದಲ ಹೆಂಡತಿ ಪುಟ್ಟ ಮಗಳೊಡನೆ ಹುಮನಾಬಾದಿನಲ್ಲಿದ್ದಳು. ಆ ಮಗಳಿಗೆ ಮಾವ ಬಿಡಿಗಾಸು ಕೊಟ್ಟಿರಲಿಲ್ಲ. ಅವರ ತುಟ್ಟಿಭತ್ಯೆಯ ಬಾಕಿಯನ್ನೂ ಮುಂದೆ ಸಂಬಳದಲ್ಲಿ ತಿಂಗಳಿಗಿಷ್ಟನ್ನೂ ಹಿಡಿದು ಮಗುವಿಗೆ ಕೊಡಿ ಎಂದು ಕೋರ್ಟು ಹೇಳಿತು. ನ್ಯಾಯವೇ! ಆದರೆ ಬಾಕಿಯ ಬಿಲ್ಲಿನಲ್ಲಿ ಗಂಡನ ಹೆಸರಿನ ಕೆಳಗೇ ಹೆಂಡತಿಯ ಹೆಸರಿತ್ತು. ಗುಮಾಸ್ತ ಇಬ್ಬರದನ್ನೂ ಹಿಡಿದು ಕಳಿಸಿಬಿಟ್ಟ.

"ಗಂಡ-ಹೆಂಡ್ತಿ ಅಂದ್ರ ಒಂದೇ ಅಲ್ರಿ ಅಕ್ಕೋರೆ?" ಎಂದ.

"ಮನಿ ಒಂದೇ ಇರಬೋದಪಾ. ಕರಿಹಲಗಿ ಮುಂದ ಗಂಟಲಾ ಹರ್ಕೊಂಡಾಕಿ ನಾನು! ನನ್ನ ಪಾಲು ನನಗ ಬೇಕು."

ಅಷ್ಟರಲ್ಲಿ ಮಾವ ಬೀದರಿಗೆ ವರ್ಗ ಮಾಡಿಸಿಕೊಂಡು ಹೋದರು. ಹೋದವರು ಮತ್ತೆ ಬರಲಿಲ್ಲ, ಕಾಗದವನ್ನೂ ಹಾಕಲಿಲ್ಲ. ಅತ್ತೆಗೆ ಮಕ್ಕಳಿರಲಿಲ್ಲ. ಗೋಡೆಯ ಮೇಲೆ ಟಕಟಕ ಎನ್ನುವ ಗಡಿಯಾರ ಇಟ್ಟುಕೊಂಡೂ ದಿನಕ್ಕೆ ನಾಲ್ಕು ಸಲ ನಮ್ಮ ಬಾಗಿಲಿಗೆ ಬಂದು, "ಟೈಮ್ ಎಷ್ಟಾತು?" ಎಂದು ಕೇಳುತ್ತಿದ್ದಳು. ನಾವು ಮುಸಿಮುಸಿ ನಗುತ್ತಿದ್ದೆವು. ಆಕೆಗೆ ಬೇಕಾದದ್ದು ಗಂಟೆಯಲ್ಲ, ಒಂದು ಮಾತು ಎಂದು ತಿಳಿಯಲು ನನಗೆ ತಲೆ ನರೆಯಬೇಕಾಯಿತು.

ತಿಂಗಳಿಗೊಮ್ಮೆ ರಜೆ ಹಾಕಿ ಹುಮನಾಬಾದಿನ ಬಸ್ಸು ಹತ್ತುವಳು. ಕಚೇರಿಯಲ್ಲಿ ಯಾವ ಮೇಜು ನೋಡಿದರೂ ಖಾಲಿ! ನಾನು ಜೊತೆಗೆ ಹೋಗಿದ್ದ ಒಂದು ದಿನ ಅತ್ತೆ ಚೀಲದಿಂದ ಶಾಲೆಯ ಹಾಜರಿ ಪಟ್ಟಿ ತೆಗೆದು, ಮಕ್ಕಳನ್ನು ಕರೆಯುವಂತೆ ಕಚೇರಿಯ ಒಬ್ಬೊಬ್ಬರ ಹೆಸರು ಕೂಗತೊಡಗಿದಳು. ಫೈಲಿನ ಹಿಂದೆ ತೂಕಡಿಸುತ್ತಿದ್ದ ನಮ್ಮ ಗುಮಾಸ್ತ ತನ್ನ ಹೆಸರು ಕೇಳಿದ್ದೇ ತಡ, ದಡಕ್ಕನೆ ಎದ್ದು, "ಹಾಜರ್ ರಿ!" ಎಂದುಬಿಟ್ಟ.

ಹೀಗೇ ಮೂರು ವರ್ಷ. ಕೊನೆಗೆ ಅವಳ ಪಾಲು ಅವಳಿಗೆ ಕೊಡಬೇಕೆಂದು ಹುಕುಂ ಬಂತು. ಆ ದಿನವೂ ನಾನು ಜೊತೆಗಿದ್ದೆ. ಅತ್ತೆ ಇಲಕಲ್ ಸೀರೆ ಉಟ್ಟಿದ್ದಳು.

"ಇಲ್ಲಿ ದಸ್ಕತ್ ಹಾಕ್ರಿ ಅಕ್ಕೋರೆ," ಎಂದ ಗುಮಾಸ್ತ. "ನಿಮ್ಮ ರೊಕ್ಕ ಆ ಹುಡಗಿಗಿ ಹೋಗ್ಯಾದ. ಇನ್ನ ತಿಂಗಳಾ ಆಕಿ ಪಾಲಿನಾಗ ಹಿಡದು ನಿಮಗ ಕೊಡ್ತೀವಿ."

"ಆಕಿದ್ರಾಗ ಹಿಡೀತೀರಿ?"

"ಮತ್ತ ಎಲ್ಲಿಂದ ತರೂದ್ರಿ?"

"ಎಷ್ಟನೇತ್ತ ಓದ್ತಾಳ?"

"ಎರಡನೇತ್ತ ಇರಬೇಕ್ರಿ. ಅವರವ್ವನ ಸೆರಗ ಹಿಡ್ಕೊಂಡು ಬರ್ತಾಳ."

ಅತ್ತೆ ಪೆನ್ನಿಗೆ ಟೊಪ್ಪಿಗೆ ಹಾಕಿದಳು.

"ಬ್ಯಾಡ. ನನಗ ಒಂದ್ ಚೀಟಿ ಬರ್ದು ಕೊಡ್ರಿ, ಸಾಕು."

"ಏನಂತ ಬರೀಲ್ರಿ?"

ಇಡೀ ಶಾಲೆಗೆ ಕೇಳುವ ಆ ದನಿ ಎಲ್ಲಿ ಹೋಯಿತೋ! ನಾನು ಬಗ್ಗಿ ಕೇಳಬೇಕಾಯಿತು.

"ಆ ಕೂಸು ಉಂಡಿದ್ದು ನನ್ನ ದುಡಿಮಿದಂತ. ನಾನೂ ಒಂದ್ ಕೂಸಿಗೆ ಉಣಿಸೀನಂತ ಎಲ್ಯಾರ ಬರ್ದಿರ್ಲಿ."