ಕಾಕಾನ ಸ್ಟೂಲು

ನಮ್ಮ ಕಾಕಾ ಒಬ್ಬ ಇಂಗ್ಲಿಷ್ ಸಾಹೇಬನನ್ನೂ ಕಣ್ಣಾರೆ ಕಂಡವರಲ್ಲ. ಆದರೂ ಕೊನೆಯ ದಿನದವರೆಗೆ ಇಂಗ್ಲಿಷರ ಜೊತೆ ಜಗಳ! ಆ ಕೊನೆಯ ದಿನವೂ ನಾರಾಯಣಪೇಟೆಯ ಮನೆಯ ಕಟ್ಟೆಯ ಮೇಲೆ ಕುಳಿತು ಸ್ಟೂಲಿನ ಸಡಿಲ ಕಾಲಿಗೆ ಮೊಳೆ ಹೊಡೆಯುತ್ತಿದ್ದರು.

‘ನಾಳಿ ಗದ್ವಾಲ ಕಚೇರಿಗೆ ಹೋಗಾದೈತಿ. ಬರ್ತಿ ಏನು?’

‘ಕೆಲಸ ಐತಿ ಕಾಕಾ’ ಎಂದೆ. ಯಾವ ಕೆಲಸವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕಾಕಾ ಏಳಲೇ ಇಲ್ಲ.

ವರ್ಷಗಳ ಹಿಂದೆ, ಸೊಂಟ ಹಿಡಿದು ಸೀರೆ ಮಗ್ಗ ಬಿಟ್ಟ ಮೇಲೆ ಅವರು ವಸಾಹತುಶಾಹಿಯ ಬಗೆಗಿನ ಪುಸ್ತಕಗಳನ್ನು ಹಿಡಿದರು. ಓದಿ ಓದಿ ಕಂಡುಹಿಡಿದದ್ದು ಇಷ್ಟು: ಇಂಗ್ಲಿಷರು ಹೋದರು, ಮೇಜಿನಾಚೆ ಸಾಹೇಬರು ಕೂರುವುದು, ಈಚೆ ನಾವು ನಿಲ್ಲುವುದು ಹೋಗಲಿಲ್ಲ. ಅಂದಿನಿಂದ ಓಣಿಯವರ ಅರ್ಜಿ ಹಿಡಿದು ಎಲ್ಲಿಗೆ ಹೋದರೂ, ಮುರಿದ ಮಗ್ಗದ ಕಟ್ಟಿಗೆಯ ಸ್ಟೂಲು ಬಗಲಲ್ಲಿ!

‘ಕಾಕಾ, ನಮ್ಮದು ನಿಜಾಮರ ಸೀಮಿ. ಇಂಗ್ಲಿಷರು ಇಲ್ಲಿ ಎಲ್ಲಿ ಆಳ್ಯಾರ?’

‘ನಾವು ನಿಜಾಮಗ ಸಲಾಂ ಹೊಡದ್ವಿ, ನಿಜಾಮ ಅವರಿಗೆ ಹೊಡದ. ಎರಡೂ ಸಲಾಮು ಬಿದ್ದದ್ದು ನಮ್ಮ ಬೆನ್ನಿಗೇ ಅಲ್ಲೇನು?’

ಮಕ್ತಲ್‌ನಲ್ಲಿ ಸ್ಟೂಲು ಹಾಕಿ ಕೂತವರನ್ನು ಒಬ್ಬ ಅಧಿಕಾರಿ, ‘ಲೇವಯ್ಯಾ ಪೆದ್ದಾಯನಾ!’ ಏಳಯ್ಯಾ ಮುದುಕಾ ಎಂದು ತೆಲುಗಿನಲ್ಲಿ ಗದರಿ ಎಬ್ಬಿಸಲು ನೋಡಿದರು. ಕಾಕಾ ಕದಲಲಿಲ್ಲ. ‘ನೀವೂ ಏಳ್ರೀ ಸಾಬ್ರ, ಇಬ್ರೂ ನಿಂತು ಮಾತಾಡೋಣು.’

ಗದ್ವಾಲದಲ್ಲಂತೂ ಇವರ ಕಾಟಕ್ಕೆ ಜನ ಕೂರಲು ಒಂದು ಬೆಂಚು ಬಂತು. ಗೆದ್ದೆವೆಂದು ಓಣಿಗೆಲ್ಲ ಮಂಡಾಳು, ಅಂದರೆ ಮಂಡಕ್ಕಿ, ಹಂಚಿದರು. ಮುಂದಿನ ವಾರ ಬೆಂಚಿನ ಮೇಲೆ ಫೈಲುಗಳು ಕೂತಿದ್ದವು, ಜನ ನಿಂತಿದ್ದರು!

ಅವರನ್ನು ಸೋಲಿಸಿದ್ದು ಹೆಂಡತಿ, ನಮ್ಮ ಕಾಕು, ಒಬ್ಬಳೇ. ‘ಅಲ್ಲಿ ಕುಂತು ಬರ್ತೀರಿ, ಇಲ್ಲಿ ನಾ ನಿಂತು ಬಡಸ್ತೀನಿ. ಇದನ್ನ ಯಾವ ಇಂಗ್ಲಿಷರು ಕಲಿಸಿದ್ರು?’ ಕಾಕಾ ಮೆಲ್ಲಗೆ ಎದ್ದು ಸೌಟು ಇಸಿದುಕೊಂಡು ಅವಳಿಗೆ ಬಡಿಸಿದರು. ಅರ್ಧ ಸಾರು ನೆಲಕ್ಕೆ!

ನಾನು ಜೊತೆಗೆ ಹೋದಾಗಲೆಲ್ಲ ಪಕ್ಕಕ್ಕೆ ಸರಿದು ಅರ್ಧ ಸ್ಟೂಲು ಬಿಡುತ್ತಿದ್ದರು. ‘ಕುಂದ್ರು ಯವ್ವಾ.’ ನಾಚಿಕೆಯಿಂದ ಸಾಯುತ್ತಿದ್ದೆ. ಆದರೂ ಕೂರುತ್ತಿದ್ದೆ.

ಅವರ ಮರಣ ಪ್ರಮಾಣಪತ್ರಕ್ಕೆ ಕಚೇರಿಗೆ ಸ್ಟೂಲು ಒಯ್ದೆ. ಅಂದು ಅದು ಪೂರ್ತಿ ನನ್ನದೇ. ಗುಮಾಸ್ತರು ತಲೆ ಎತ್ತಲಿಲ್ಲ. ನಿಲ್ಲು ಎಂದು ಯಾರೂ ಹೇಳಲಿಲ್ಲ. ಸ್ಟೂಲು ಬಗಲಲ್ಲಿಟ್ಟುಕೊಂಡು ಕೊನೆಯವರೆಗೂ ನಿಂತೇ ಇದ್ದೆ.

ಪತ್ರ ಸಿಕ್ಕಿತು, ಹೆಸರೂ ಸರಿಯಾಗಿದೆ. ‘ಕುಂದ್ರು ಯವ್ವಾ’ ಎನ್ನುವವರು ಇಲ್ಲ.